ಊರಿಗೆ ಬೆನ್ನು, ರೈಲಿಗೆ ಮುಖ

ಲಾಸ್ ವೇಗಸ್‌ನ ರೈಲ್‌ರೋಡ್ ಅವೆನ್ಯೂದಲ್ಲಿ ನಿಂತರೆ ಹೋಟೆಲ್ ಕಾಸ್ತನ್ಯೇದಾದ ಬೆನ್ನು ಮಾತ್ರ ಕಾಣುತ್ತದೆ. ಉದ್ದನೆಯ ಇಟ್ಟಿಗೆ ಗೋಡೆ, ಸಾಲು ಕಿಟಕಿ, ಅಷ್ಟೆ. ಕಟ್ಟಡ ದೊಡ್ಡದು, ಸಂಶಯವಿಲ್ಲ. ಆದರೆ 'ಬನ್ನಿ' ಅಂತ ಕರೆಯುವ ಲಕ್ಷಣ ಆ ಕಡೆ ಇಲ್ಲ. ಪಕ್ಕದಿಂದ ಬಳಸಿಕೊಂಡು ಆಚೆ ಹೋಗಬೇಕು. ಅಲ್ಲಿ ಎರಡು ತೋಳು ಚಾಚಿದ ಹಾಗೆ ಕಟ್ಟಡ ತೆರೆದುಕೊಳ್ಳುತ್ತದೆ. ನಡುವೆ ಅಂಗಳ, ಅಂಗಳದ ಸುತ್ತ ಕಮಾನಿನ ಜಗಲಿ, ಮೇಲೆ ಕೆಂಪು ಹೆಂಚು, ಮಧ್ಯದಲ್ಲೊಂದು ಗೋಪುರ. ಅಂಗಳ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ರೈಲು ಹಳಿ.

ಅಂದರೆ ಕಟ್ಟಿದವರ ಮನಸ್ಸಿನಲ್ಲಿ ಊರಿನವರು ಇರಲೇ ಇಲ್ಲ. ಇಳಿದು ಬರುವ ಪ್ರಯಾಣಿಕ ಮಾತ್ರ ಇದ್ದ. ಈ ಒಂದು ವಿಷಯ ಹಿಡಿದುಕೊಂಡರೆ ಹೋಟೆಲಿನ ಉಳಿದ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಅಂತ ನನಗನ್ನಿಸುತ್ತದೆ.

ಇದು ಜೂಜಿನ ಲಾಸ್ ವೇಗಸ್ ಅಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಊರಿಂದ ಅಕ್ಕ ಫೋನಿನಲ್ಲಿ "ದುಡ್ಡು ಹುಷಾರು ಕಣೇ" ಅಂದಿದ್ದಳು. ನೆವಾಡಾದ ಆ ಲಾಸ್ ವೇಗಸ್ ಹುಟ್ಟಿದ್ದು 1905ರಲ್ಲಿ, ಅದೂ ರೈಲ್ವೆ ಕಂಪನಿಯೊಂದು ಸೈಟು ಹರಾಜು ಹಾಕಿದಾಗ. ನಾನು ಹೇಳುತ್ತಿರುವುದು ನ್ಯೂ ಮೆಕ್ಸಿಕೊದ ಲಾಸ್ ವೇಗಸ್. ಈ ಹೋಟೆಲು ಬಾಗಿಲು ತೆರೆದ 1899ರಲ್ಲಿ ಇನ್ನೊಂದು ಲಾಸ್ ವೇಗಸ್ ಊರೇ ಆಗಿರಲಿಲ್ಲ. ಇವತ್ತು ಇಲ್ಲಿ ಹದಿಮೂರು ಸಾವಿರದ ಆಸುಪಾಸು ಜನ ಇರಬಹುದು. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರ.

ಅಕ್ಕನ ಮಗ ಆಲ್ಬುಕರ್ಕಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಎರಡು ಗಂಟೆ, ರೈಲಿನಲ್ಲಿ ಮೂರು. ರೈಲಿನಲ್ಲೇ ಹೋಗೋಣ ಅಂದೆ. "ಚಿಕ್ಕಮ್ಮ, ದಿನಕ್ಕೆ ಒಂದೇ ರೈಲು ಇರೋದು. ಹೋದ ದಿನ ವಾಪಸ್ ಬರಕ್ಕಾಗಲ್ಲ" ಅಂದ. ಅದೂ ನಿಜವೇ. ಷಿಕಾಗೊ ಮತ್ತು ಲಾಸ್ ಏಂಜಲೀಸ್ ನಡುವೆ ಓಡುವ ಸೌತ್‌ವೆಸ್ಟ್ ಚೀಫ್ ಒಂದೇ ರೈಲು. ಆ ಕಡೆಗೊಂದು, ಈ ಕಡೆಗೊಂದು. ಆಲ್ಬುಕರ್ಕಿಯಲ್ಲಿ ಮಧ್ಯಾಹ್ನ ಹತ್ತಿದರೆ ಮೂರರ ಸುಮಾರಿಗೆ ಲಾಸ್ ವೇಗಸ್. ತಿರುಗಿ ಬರುವ ರೈಲು ಮರುದಿನ ಮಧ್ಯಾಹ್ನ. ನನಗೆ ಬೇಕಾಗಿದ್ದೂ ಅದೇ ಆಗಿತ್ತು.

ಮೊದಲು ಊರಿನ ವಿಷಯ. ಲಾಸ್ ವೇಗಸ್ ರೈಲು ಕಟ್ಟಿದ ಊರಲ್ಲ. 1835ರಲ್ಲಿ, ಇದು ಮೆಕ್ಸಿಕೊ ದೇಶಕ್ಕೆ ಸೇರಿದ್ದಾಗ, ಸರ್ಕಾರ ಒಂದಷ್ಟು ಕುಟುಂಬಗಳಿಗೆ ಒಟ್ಟಾಗಿ ಭೂಮಿ ಕೊಟ್ಟಿತು. ಮನೆ ಕಟ್ಟಲು, ಉಳಲು ಒಬ್ಬೊಬ್ಬರಿಗೆ ಒಂದೊಂದು ತುಂಡು. ಮಿಕ್ಕಿದ್ದೆಲ್ಲ ಊರೊಟ್ಟಿನ ಗೋಮಾಳ, ಕಾಡು. ನಡುವೆ ಚೌಕ, ಸುತ್ತ ಮಣ್ಣಿನ ಇಟ್ಟಿಗೆಯ ಮನೆಗಳು. ಮಿಸ್ಸೌರಿಯಿಂದ ಸಾಂಟಾ ಫೆಗೆ ಸರಕಿನ ಗಾಡಿಗಳು ಬರುವ ದಾರಿ ಈ ಚೌಕದ ಮೇಲೇ ಹಾದುಹೋಗುತ್ತಿತ್ತು. 1846ರ ಆಗಸ್ಟ್‌ನಲ್ಲಿ ಅಮೆರಿಕದ ಸೇನಾಧಿಕಾರಿ ಸ್ಟೀಫನ್ ಕರ್ನಿ ಇದೇ ಚೌಕದ ಒಂದು ಮನೆಯ ಮಾಳಿಗೆ ಹತ್ತಿ, ಇನ್ನು ಮೇಲೆ ನೀವೆಲ್ಲ ಅಮೆರಿಕದವರು ಅಂತ ಸಾರಿದ. ಕೆಳಗೆ ನಿಂತವರು ಸ್ಪ್ಯಾನಿಷ್ ಮಾತಾಡುವವರು. ಬೆಳಿಗ್ಗೆ ಎದ್ದಾಗ ಇದ್ದ ದೇಶ ಸಂಜೆಗೆ ಬೇರೆಯಾಗಿತ್ತು.

ರೈಲು ಬಂದಿದ್ದು 1879ರ ಜುಲೈ 4ಕ್ಕೆ. ಅಮೆರಿಕದವರ ಸ್ವಾತಂತ್ರ್ಯ ದಿನ, ಬೇಕೆಂದೇ ಕೂಡಿಸಿಕೊಂಡ ದಿನ ಇರಬೇಕು. ಅಚಿಸನ್, ಟೊಪೀಕಾ ಅಂಡ್ ಸಾಂಟಾ ಫೆ ಅನ್ನುವ ಆ ಕಂಪನಿ ಹಳಿಯನ್ನು ಹಳೇ ಚೌಕದ ಹತ್ತಿರ ತರಲಿಲ್ಲ. ಒಂದು ಮೈಲಿ ಆಚೆ, ಗಯ್ಯೀನಾಸ್ ಹೊಳೆಯ ಪೂರ್ವಕ್ಕೆ ಹಾಸಿತು. ಸ್ಟೇಷನ್ ಸುತ್ತ ದಿನ ಬೆಳಗಾಗುವುದರೊಳಗೆ ಡೇರೆ, ಹಲಗೆ ಮನೆ, ಸಾರಾಯಿ ಅಂಗಡಿ. ಹೊಸ ಊರು, ಹಳೆ ಊರು ಅಂತ ಎರಡಾಯಿತು. ಹೊಸದರಲ್ಲಿ ಇಂಗ್ಲಿಷ್, ಹಳೆಯದರಲ್ಲಿ ಸ್ಪ್ಯಾನಿಷ್. ಇವೆರಡೂ ಬೇರೆ ಬೇರೆ ಆಡಳಿತದಲ್ಲೇ ಎಷ್ಟು ವರ್ಷ ಇದ್ದವು ಗೊತ್ತಾ? 1970ರವರೆಗೆ. ನಡುವೆ ಇದ್ದದ್ದು ಒಂದು ಸಣ್ಣ ಹೊಳೆ!

ಆದರೂ ಲಾಸ್ ವೇಗಸ್ ಅದೃಷ್ಟದ ಊರು ಅಂತಲೇ ಆಗ ಎಲ್ಲರೂ ಅಂದುಕೊಂಡಿದ್ದರು. ಕಂಪನಿಯ ಹೆಸರಿನಲ್ಲೇ ಇದ್ದ ಸಾಂಟಾ ಫೆ ನಗರಕ್ಕೆ ಮುಖ್ಯ ಹಳಿ ಹೋಗಲೇ ಇಲ್ಲ. ಗುಡ್ಡಗಾಡು ಅಂತ ಬಿಟ್ಟುಬಿಟ್ಟರು. ಲೇಮಿ ಅನ್ನುವ ಪುಟ್ಟ ಸ್ಟೇಷನ್ನಿಂದ ಒಂದು ಕವಲು ಹಳಿ ಎಳೆದು ಸಮಾಧಾನ ಮಾಡಿದರು. ಲಾಸ್ ವೇಗಸ್‌ಗೆ ಹಾಗಲ್ಲ. ಇಲ್ಲಿ ಎಂಜಿನ್ ರಿಪೇರಿ ಶೆಡ್ಡು, ಸಿಬ್ಬಂದಿ ಬದಲಾಗುವ ಜಾಗ, ಉಣ್ಣೆ ಮತ್ತು ಚರ್ಮದ ದೊಡ್ಡ ವ್ಯಾಪಾರ ಎಲ್ಲವೂ ಬಂತು. ಒಂದಷ್ಟು ಕಾಲ ಇಡೀ ನ್ಯೂ ಮೆಕ್ಸಿಕೊದಲ್ಲೇ ದೊಡ್ಡ ಪೇಟೆ ಇದು.

ಈಗ ಊಟದ ಮಾತು. ನಮ್ಮ ಕಡೆ ರಾತ್ರಿ ಬಸ್ಸು ಹೈವೇ ಪಕ್ಕದ ಹೋಟೆಲಿಗೆ ತಿರುಗಿದಾಗ ಕಂಡಕ್ಟರ್ "ಊಟ ಮಾಡೋರು ಮಾಡ್ಕೊಳ್ಳಿ, ಹದಿನೈದು ನಿಮಿಷ ಟೈಮು" ಅಂತ ಕೂಗುತ್ತಾನಲ್ಲ, 1870ರ ಅಮೆರಿಕದ ರೈಲು ಪ್ರಯಾಣ ಥೇಟ್ ಹಾಗೇ ಇತ್ತು. ಹಳಸಲು ಕಾಫಿ, ಜಿಗುಟು ಮಾಂಸ, ಮುಂಗಡ ಕಾಸು. ತಟ್ಟೆ ಬರುವಷ್ಟರಲ್ಲಿ ಸೀಟಿ ಹೊಡೆಯುತ್ತಿತ್ತು. ಕೆಲವು ಕಡೆ ರೈಲಿನವರೂ ಹೋಟೆಲಿನವರೂ ಒಳಗೊಳಗೇ ಸೇರಿ ಬೇಕೆಂದೇ ಬೇಗ ಸೀಟಿ ಹೊಡೆಸುತ್ತಿದ್ದರಂತೆ. ಮುಟ್ಟದೆ ಬಿಟ್ಟ ತಟ್ಟೆ ಮುಂದಿನ ರೈಲಿನವರಿಗೆ! ಇದನ್ನು ಓದಿದಾಗ ನನಗೆ ಎಷ್ಟೋ ಹೈವೇ ಹೋಟೆಲುಗಳ ಬಗ್ಗೆ ಗೌರವವೇ ಹುಟ್ಟಿತು. ನಮ್ಮವರು ಅಷ್ಟು ದೂರ ಹೋಗಿಲ್ಲ.

ಎಷ್ಟಾದರೂ ರೈಲು ನಿಲ್ಲಲೇಬೇಕಿತ್ತು. ಉಗಿ ಎಂಜಿನ್ನಿಗೆ ನೀರು ಬೇಕು, ಕಲ್ಲಿದ್ದಲು ಬೇಕು. ನೂರು ಮೈಲಿಯ ಆಸುಪಾಸಿನಲ್ಲಿ ಡ್ರೈವರ್ ಬದಲಾಗಬೇಕು, ಎಂಜಿನ್ ಬದಲಾಗಬೇಕು. ಪ್ರಯಾಣಿಕರಿಗೆ ಅನ್ನ ಹಾಕಲಿ ಅಂತ ಯಾರೂ ರೈಲು ನಿಲ್ಲಿಸಲಿಲ್ಲ. ಎಂಜಿನ್ನಿನ ಹಸಿವಿಗೆ ನಿಲ್ಲಿಸಿದರು. ಆ ಬಿಡುವಿನೊಳಗೆ ಮನುಷ್ಯರ ಹಸಿವನ್ನೂ ತೀರಿಸಬಹುದು ಅಂತ ಸರಿಯಾಗಿ ಲೆಕ್ಕ ಹಾಕಿದವನು ಫ್ರೆಡ್ ಹಾರ್ವಿ.

ಹಾರ್ವಿ 1835ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಹೌದು, ಲಾಸ್ ವೇಗಸ್ ಹುಟ್ಟಿದ ವರ್ಷವೇ. ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಬಂದು ಹೋಟೆಲೊಂದರಲ್ಲಿ ಪಾತ್ರೆ ತೊಳೆದ. ಮುಂದೆ ಸೇಂಟ್ ಲೂಯಿಸ್‌ನಲ್ಲಿ ಸ್ವಂತ ಹೋಟೆಲ್ ಹಾಕಿದ. ಪಾಲುದಾರ ಗಲ್ಲಾಪೆಟ್ಟಿಗೆ ಬಳಿದುಕೊಂಡು ಹೋದ. ಆಮೇಲೆ ರೈಲ್ವೆ ಕಂಪನಿಗಳಿಗೆ ಸರಕು ಹಿಡಿದುಕೊಡುವ ಏಜೆಂಟಾಗಿ ಊರೂರು ತಿರುಗಿದ. ಹೀಗೆ ಅಡುಗೆಮನೆಯ ಒಳಗೂ ಗೊತ್ತು, ರೈಲಿನಲ್ಲಿ ಕೆಟ್ಟ ಊಟ ತಿಂದ ಹೊಟ್ಟೆನೋವೂ ಗೊತ್ತು. 1876ರಲ್ಲಿ ಟೊಪೀಕಾ ಸ್ಟೇಷನ್ನಿನ ಮಹಡಿಯ ಮೇಲಿನ ಊಟದ ಕೋಣೆಯನ್ನು ವಹಿಸಿಕೊಂಡ. 1878ರಲ್ಲಿ ಕ್ಯಾನ್ಸಸ್‌ನ ಫ್ಲಾರೆನ್ಸ್ ಅನ್ನುವ ಸಣ್ಣ ಊರಿನ ಒಂದು ಹೋಟೆಲು ಸೇರಿಸಿಕೊಂಡ. ಅಲ್ಲಿಂದ ಹಳಿ ಎಲ್ಲಿಗೆ ಹೋಯಿತೋ ಅವನ ಹೋಟೆಲೂ ಅಲ್ಲಿಗೆ ಹೋಯಿತು. ಲಾಸ್ ವೇಗಸ್‌ನ ಕಾಸ್ತನ್ಯೇದಾ ಅಂಥದ್ದೇ ಒಂದು.

ಒಪ್ಪಂದ ಇಬ್ಬರಿಗೂ ಲಾಭದ್ದು. ಕಟ್ಟಡ ರೈಲ್ವೆಯದು. ದಿನಸಿ, ಐಸು, ನೀರು, ಕೆಲಸದವರು, ಎಲ್ಲವನ್ನೂ ರೈಲ್ವೆ ಬಿಟ್ಟಿ ಸಾಗಿಸುತ್ತದೆ. ಊಟ ಹಾಕುವುದು, ಅದರ ಲಾಭ ಇಟ್ಟುಕೊಳ್ಳುವುದು ಹಾರ್ವಿ. ಬಿಟ್ಟಿ ಸಾಗಣೆ ಅಂದರೆ ಏನು ಅಂತ ಹೋಟೆಲ್ ನಡೆಸಿದವರಿಗೆ ಗೊತ್ತು. ಮರುಭೂಮಿಯ ನಡುವಿನ ಊರಿನಲ್ಲಿ ತಾಜಾ ಮೀನು, ಹಣ್ಣು ಬಡಿಸಬಹುದು, ಅದೂ ಸುಮಾರು 75 ಸೆಂಟಿನ ಊಟದಲ್ಲಿ. ಬೇರೆಯವರು ಒಂದು ಪೈ ಕಡುಬನ್ನು ಆರು ತುಂಡು ಮಾಡಿದರೆ ಇವನು ನಾಲ್ಕು ತುಂಡು ಮಾಡಿಸುತ್ತಿದ್ದ. ಕೆಲವು ಊರುಗಳ ನೀರು ಸವಳು, ಕಾಫಿ ಕೆಡುತ್ತದೆ ಅಂತ ನೀರನ್ನೂ ಟ್ಯಾಂಕಿನಲ್ಲಿ ತರಿಸುತ್ತಿದ್ದ.

ಆದರೆ ನನ್ನನ್ನು ಹಿಡಿದದ್ದು ಊಟಕ್ಕಿಂತ ಹೆಚ್ಚಾಗಿ ಅವರ ಟೈಮಿನ ಲೆಕ್ಕ. ನೋಡಿ, ಹೀಗೆ ನಡೆಯುತ್ತಿತ್ತು. ರೈಲು ಇನ್ನೂ ಎಷ್ಟೋ ಮೈಲಿ ದೂರ ಇರುವಾಗಲೇ ರೈಲಿನ ಸಿಬ್ಬಂದಿ ಬೋಗಿ ಬೋಗಿಗೂ ಹೋಗಿ ಕೇಳುತ್ತಾನೆ: ಊಟದ ಹಾಲಾ, ಕೌಂಟರಾ? ಆ ಲೆಕ್ಕ ತಂತಿಯಲ್ಲಿ ಮುಂದಿನ ಸ್ಟೇಷನ್ನಿಗೆ ಹೋಗುತ್ತದೆ. ಅಡುಗೆಮನೆಗೆ ಇಷ್ಟು ತಲೆ ಅಂತ ಗೊತ್ತಾಗುತ್ತದೆ. ಊರ ಹೊರಗೆ ಎಂಜಿನ್ ಸೀಟಿ ಹಾಕುತ್ತದೆ. ಅಷ್ಟರಲ್ಲಿ ಮೇಜಿನ ಮೇಲೆ ಮೊದಲ ಸುತ್ತಿನ ಊಟ ಬಂದಿರುತ್ತದೆ. ರೈಲು ನಿಂತು ಜನ ಇಳಿಯುವಾಗ ಬಾಗಿಲಲ್ಲಿ ಒಬ್ಬ ಜಾಗಟೆ ಬಾರಿಸುತ್ತಾನೆ, ಎಲ್ಲಿಗೆ ಹೋಗಬೇಕು ಅಂತ ಯಾರೂ ಹುಡುಕಬಾರದಲ್ಲ.

ಕುಳಿತ ಮೇಲೆ ಬಡಿಸುವ ಹುಡುಗಿ ಬಂದು ಏನು ಕುಡಿಯುತ್ತೀರಿ ಅಂತ ಕೇಳುತ್ತಾಳೆ. ಏನನ್ನೂ ಬರೆದುಕೊಳ್ಳುವುದಿಲ್ಲ. ಕಪ್ಪನ್ನು ಸುಮ್ಮನೆ ಸ್ವಲ್ಪ ಸರಿಸಿ ಹೋಗುತ್ತಾಳೆ, ಅಷ್ಟೆ. ಬೆನ್ನ ಹಿಂದೆಯೇ ಇನ್ನೊಬ್ಬಳು ಬಂದು, ಒಂದು ಮಾತೂ ಕೇಳದೆ, ಒಬ್ಬರಿಗೆ ಕಾಫಿ, ಒಬ್ಬರಿಗೆ ಟೀ, ಮಗುವಿಗೆ ಹಾಲು ಸುರಿದು ಮುಂದೆ ಹೋಗುತ್ತಾಳೆ. ಪ್ರಯಾಣಿಕರಿಗೆ ಕಣ್ಕಟ್ಟು ನೋಡಿದ ಹಾಗೆ. ಗುಟ್ಟು ಕಪ್ಪಿನಲ್ಲಿತ್ತು. ಸಾಸರ್ ಮೇಲೆ ನೇರ ಕೂತಿದ್ದರೆ ಕಾಫಿ. ಮಗುಚಿಟ್ಟಿದ್ದರೆ ಬಿಸಿ ಟೀ. ಮಗುಚಿ ಸಾಸರ್‌ಗೆ ಒರಗಿಸಿದ್ದರೆ ಐಸ್ ಟೀ. ಮಗುಚಿ ಸಾಸರ್ ಪಕ್ಕಕ್ಕೆ ಇಟ್ಟಿದ್ದರೆ ಹಾಲು. ನಡುವೆ ಯಾರಾದರೂ ಸುಮ್ನೆ ಕಪ್ಪು ಮುಟ್ಟಿದರೆ ಕಥೆ ಕೆಟ್ಟಿತು, ಕಾಫಿ ಕೇಳಿದವನಿಗೆ ಹಾಲು.

ಸುಮಾರು ಅರ್ಧ ಗಂಟೆ. ಅದರೊಳಗೆ ಸೂಪಿನಿಂದ ಹಿಡಿದು ಸಿಹಿಯವರೆಗೆ. ಯಾರಿಗೂ ಅವಸರ ಮಾಡಿಸಿದ ಹಾಗೆ ಅನ್ನಿಸಬಾರದು. ನೀವು ತಿಂದು ಮುಗಿಸುವ ತನಕ ರೈಲು ಹೊರಡುವುದಿಲ್ಲ ಅಂತ ಮ್ಯಾನೇಜರ್ ಬಂದು ಹೇಳುತ್ತಿದ್ದ. ನನ್ನ ಕೇಳಿದರೆ ಹಾರ್ವಿ ಮಾರಿದ್ದು ಊಟವನ್ನಲ್ಲ, ಆ ಭರವಸೆಯನ್ನ. ಊಟ ಎಲ್ಲರೂ ಹಾಕುತ್ತಿದ್ದರು. ರೈಲು ಬಿಟ್ಟು ಹೋಗಲ್ಲ ಅನ್ನುವ ನೆಮ್ಮದಿ ಯಾರ ಹತ್ತಿರವೂ ಇರಲಿಲ್ಲ.

ಬಡಿಸುವ ಹುಡುಗಿಯರ ವ್ಯವಸ್ಥೆ ಶುರುವಾದದ್ದು 1883ರಲ್ಲಿ, ಲಾಸ್ ವೇಗಸ್‌ನ ಉತ್ತರಕ್ಕಿರುವ ರಟೋನ್ ಊರಿನಲ್ಲಿ. ಅಲ್ಲಿನ ಗಂಡಸು ಸಪ್ಲೈಯರ್‌ಗಳ ಹೊಡೆದಾಟ ತಾಳಲಾರದೆ ಅವರನ್ನೆಲ್ಲ ತೆಗೆದು ಹೆಣ್ಣುಮಕ್ಕಳನ್ನು ತಂದರು ಅನ್ನುವುದು ಕಥೆ. ಪೂರ್ವದ ರಾಜ್ಯಗಳ ಪೇಪರಿನಲ್ಲಿ ಜಾಹೀರಾತು: ಹದಿನೆಂಟರಿಂದ ಮೂವತ್ತು ವಯಸ್ಸಿನ, ಒಳ್ಳೆಯ ನಡತೆಯ ಯುವತಿಯರು ಬೇಕಾಗಿದ್ದಾರೆ. ತಿಂಗಳಿಗೆ 17.50 ಡಾಲರ್, ಊಟ ವಸತಿ, ಮೇಲೆ ಟಿಪ್ಸು. ಕಪ್ಪು ಉಡುಪು, ಬಿಳಿ ಏಪ್ರನ್. ಹಾಸ್ಟೆಲಿನಲ್ಲಿ ವಾರ್ಡನ್ ಕಾವಲು, ರಾತ್ರಿ ಹತ್ತಕ್ಕೆ ಒಳಗಿರಬೇಕು. ಕರಾರು ಮುಗಿಯುವವರೆಗೆ ಮದುವೆ ಆಗಬಾರದು, ಆದವರಿಗೆ ಸಂಬಳಕ್ಕೆ ಕತ್ತರಿ.

ಈ ಹುಡುಗಿಯರ ಬಗ್ಗೆ ಅಮೆರಿಕದವರು ಹಾಡಿ ಹೊಗಳುತ್ತಾರೆ. ಹಳ್ಳಿಯ ಹೊಲ ಬಿಟ್ಟು ಒಬ್ಬಳೇ ರೈಲು ಹತ್ತಿ ಸಾವಿರ ಮೈಲಿ ದೂರ ಬಂದು ಸ್ವಂತ ದುಡಿದ ಹೆಣ್ಣುಮಕ್ಕಳು. ಹೊಗಳಬೇಕಾದ್ದೇ. ಆದರೆ ಬಹಳ ಕಾಲ ಮೇಜಿಗೆ ಬಡಿಸುವ ಕೆಲಸ ಬಿಳಿಯ ಹುಡುಗಿಯರಿಗೆ ಮಾತ್ರ ಅನ್ನುವಂತೆಯೇ ಇತ್ತು. ಅದೇ ಊರಿನ ಸ್ಪ್ಯಾನಿಷ್ ಮಾತಿನ ಹೆಂಗಸರು, ಮೂಲನಿವಾಸಿ ಹೆಂಗಸರು ಹೆಚ್ಚಾಗಿ ಅಡುಗೆಮನೆ, ಬಟ್ಟೆ ಒಗೆತ, ಕೋಣೆ ಗುಡಿಸುವ ಕಡೆ. ಅವರಲ್ಲಿ ಜಾಸ್ತಿ ಜನ ಮುಂದಿನ ಹಾಲಿಗೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ಆಳು ಸಿಗದಿದ್ದಾಗ.

'ಹಾರ್ವಿ ಪಶ್ಚಿಮಕ್ಕೆ ನಾಗರಿಕತೆ ತಂದ' ಅನ್ನುವ ಮಾತು ಎಲ್ಲೆಲ್ಲೂ ಓದಲು ಸಿಗುತ್ತದೆ. ನನಗದು ಸ್ವಲ್ಪ ಕಿರಿಕಿರಿ. ರೈಲು ಬರುವ ಹೊತ್ತಿಗೆ ಲಾಸ್ ವೇಗಸ್‌ಗೆ ನಲವತ್ತನಾಲ್ಕು ವರ್ಷ. ಚೌಕದ ಸುತ್ತ ಮನೆಗಳಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು, ಬೀನ್ಸ್ ಕಾಳು ಬೇಯುತ್ತಿತ್ತು, ರೊಟ್ಟಿ ಸುಡುತ್ತಿದ್ದರು. ಬಂದವರಿಗೆ ಊಟ ಹಾಕುವುದು ಅವರಿಗೆ ಹಾರ್ವಿಯಿಂದ ಕಲಿಯಬೇಕಾದ ವಿದ್ಯೆ ಆಗಿರಲಿಲ್ಲ. ರೈಲಿನ ಜೊತೆ ಬಂದದ್ದು ಬೇರೆಯೂ ಇತ್ತು. ಊರೊಟ್ಟಿನ ಗೋಮಾಳಕ್ಕೆ ಹೊಸಬರು ಮುಳ್ಳುತಂತಿ ಬೇಲಿ ಹಾಕತೊಡಗಿದರು. 1889–90ರಲ್ಲಿ 'ಗೋರಾಸ್ ಬ್ಲಾಂಕಾಸ್', ಅಂದರೆ ಬಿಳಿ ಟೊಪ್ಪಿಯವರು, ರಾತ್ರಿ ಮುಖ ಮುಚ್ಚಿಕೊಂಡು ಕುದುರೆ ಮೇಲೆ ಬಂದು ಮೈಲಿಗಟ್ಟಲೆ ಬೇಲಿ ಕತ್ತರಿಸಿದರು, ರೈಲ್ವೆಗೆ ಕಡಿದಿಟ್ಟ ಮರದ ಸ್ಲೀಪರ್‌ಗಳನ್ನು ಹಾಳುಮಾಡಿದರು. ಇದಾಗಿ ಹತ್ತು ವರ್ಷ ಕಳೆಯುವ ಮೊದಲೇ ಈ ಹೋಟೆಲು ಎದ್ದಿತು.

ಅದಕ್ಕೆ ಇಟ್ಟ ಹೆಸರು ನೋಡಿ. ಪೆದ್ರೊ ದೆ ಕಾಸ್ತನ್ಯೇದಾ 1540ರಲ್ಲಿ ಚಿನ್ನದ ನಗರ ಹುಡುಕಿಕೊಂಡು ಬಂದ ಸ್ಪೇನಿನ ಕೊರೊನಾಡೊ ದಂಡಿನ ಜೊತೆಗಿದ್ದವನು. ಆ ದಂಡಯಾತ್ರೆಯ ವಿವರವನ್ನು ಬರೆದಿಟ್ಟವನು. ಕಟ್ಟಡದ ನಕ್ಷೆ ಕ್ಯಾಲಿಫೋರ್ನಿಯಾದ ಪಸಡೀನಾದ ಫ್ರೆಡರಿಕ್ ರೋರಿಗ್‌ದು. ಕ್ಯಾಲಿಫೋರ್ನಿಯಾದ ಹಳೆಯ ಚರ್ಚುಗಳ ಕಮಾನು, ಹೆಂಚು, ಗೋಪುರ ನೋಡಿ ಹುಟ್ಟಿದ ಶೈಲಿ ಅದು. ನ್ಯೂ ಮೆಕ್ಸಿಕೊದ ಮನೆಗಳಲ್ಲಿ ಅದ್ಯಾವುದೂ ಇಲ್ಲ, ಅಲ್ಲಿರುವುದು ಮಣ್ಣಿನ ಗೋಡೆ, ಮಟ್ಟಸ ಮಾಳಿಗೆ. ಸ್ಪ್ಯಾನಿಷ್ ಮಾತಾಡುವ ಊರಿಗೆ ಪರಸ್ಥಳದಿಂದ 'ಸ್ಪ್ಯಾನಿಷ್' ಕಟ್ಟಡ ತಂದು ಕೂರಿಸಿದರು. ಪೂರ್ವದಿಂದ ಬರುವ ಪ್ರಯಾಣಿಕನಿಗೆ ಏನೋ ಹೊಸ ಲೋಕಕ್ಕೆ ಬಂದೆ ಅನ್ನಿಸಬೇಕಿತ್ತು. ಮೈಲಿ ದೂರದಲ್ಲಿದ್ದ ನಿಜವಾದ ಚೌಕಕ್ಕೆ ಹೋಗಿ ಬರಲು ಅವನಿಗೆ ಪುರಸತ್ತಿರಲಿಲ್ಲ. ಇದ್ದದ್ದು ಅರ್ಧ ಗಂಟೆ!

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಬೇಕು. ಕಟ್ಟಡ ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಮಧ್ಯಾಹ್ನದ ಬಿಸಿಲು ಕಮಾನುಗಳ ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ. ಊರು ಸಮುದ್ರಮಟ್ಟದಿಂದ 6,400 ಅಡಿ ಎತ್ತರ, ಬಿಸಿಲು ಚುರುಕು. ಜಗಲಿಯ ಕುರ್ಚಿಯಲ್ಲಿ ಕೂತು ಹಳಿ ನೋಡುತ್ತಿದ್ದರೆ ಏಳಲು ಮನಸ್ಸಾಗುವುದಿಲ್ಲ. ಅಕ್ಕನ ಮಗ ಫೋನ್ ಜೇಬಿಗೆ ಹಾಕಿದ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?

ಹೋಟೆಲು ತೆರೆದ ವರ್ಷವೇ ಅದಕ್ಕೆ ದೊಡ್ಡ ಹಬ್ಬ ಬಂತು. ಅದರ ಹಿಂದಿನ ವರ್ಷ, 1898ರಲ್ಲಿ, ಅಮೆರಿಕ ಕ್ಯೂಬಾದಲ್ಲಿ ಸ್ಪೇನಿನ ಮೇಲೆ ಯುದ್ಧ ಮಾಡಿತ್ತು. ಥಿಯೋಡೋರ್ ರೂಸ್‌ವೆಲ್ಟ್ ಜೊತೆ ಹೋದ 'ರಫ್ ರೈಡರ್ಸ್' ಅನ್ನುವ ಕುದುರೆ ಪಡೆಯಲ್ಲಿ ನ್ಯೂ ಮೆಕ್ಸಿಕೊದವರು ಬಹಳ ಮಂದಿ. 1899ರ ಜೂನ್ 24ಕ್ಕೆ, ಅವರ ಮೊದಲ ಕಾಳಗಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಪಡೆಯವರೆಲ್ಲ ಲಾಸ್ ವೇಗಸ್‌ನಲ್ಲಿ ಸೇರಿದರು. ರೂಸ್‌ವೆಲ್ಟ್ ಆಗ ನ್ಯೂಯಾರ್ಕಿನ ಗವರ್ನರ್. ರೈಲಿನಲ್ಲೇ ಬಂದ. ಹೊಚ್ಚಹೊಸ ಕಾಸ್ತನ್ಯೇದಾ ಆ ಗದ್ದಲಕ್ಕೆ ನಡುಮನೆಯಾಯಿತು. ಎರಡು ವರ್ಷ ಕಳೆದು ಸೆಪ್ಟೆಂಬರಿನಲ್ಲಿ ಅವನು ಅಮೆರಿಕದ ಅಧ್ಯಕ್ಷ. ರಫ್ ರೈಡರ್‌ಗಳ ಆ ಕೂಟ 1960ರ ದಶಕದವರೆಗೂ ನಡೆಯಿತು, ಮುದುಕರು ಒಬ್ಬೊಬ್ಬರಾಗಿ ಕಮ್ಮಿಯಾಗುತ್ತ. ಅವರ ವಸ್ತುಗಳಿಗೆ ಊರಿನಲ್ಲಿ ಒಂದು ಮ್ಯೂಸಿಯಂ ಇದೆ.

ಊರಿನವರಿಗೆ ಈ ಹಬ್ಬ ಬೇಕಾಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. ನ್ಯೂ ಮೆಕ್ಸಿಕೊ ಇನ್ನೂ ರಾಜ್ಯ ಆಗಿರಲಿಲ್ಲ. ಸ್ಪ್ಯಾನಿಷ್ ಮಾತಿನವರು ಸ್ಪೇನಿನ ವಿರುದ್ಧದ ಯುದ್ಧದಲ್ಲಿ ಯಾರ ಕಡೆ ಅನ್ನುವ ಕೊಂಕು ಮಾತು ಪೂರ್ವದಲ್ಲಿತ್ತು. ನಮ್ಮ ಹುಡುಗರು ಮುಂದೆ ನಿಂತು ಹೋರಾಡಿದರು ನೋಡಿ ಅಂತ ತೋರಿಸಬೇಕಿತ್ತು. ತೋರಿಸಿದರೂ ರಾಜ್ಯದ ಸ್ಥಾನ ಸಿಕ್ಕಿದ್ದು 1912ರಲ್ಲಿ.

ಹಾರ್ವಿ 1901ರ ಫೆಬ್ರವರಿಯಲ್ಲಿ ತೀರಿಕೊಂಡ. ವ್ಯವಹಾರ ಮಗ ಫೋರ್ಡ್ ಕೈಗೆ ಬಂತು, ಇನ್ನೂ ಬೆಳೆಯಿತು. ಆಲ್ಬುಕರ್ಕಿಯಲ್ಲಿ 1902ಕ್ಕೆ ಆಲ್ವರಾಡೊ ಅನ್ನುವ ಇನ್ನೂ ದೊಡ್ಡ ಹೋಟೆಲು ಎದ್ದಿತು.

ಲಾಸ್ ವೇಗಸ್‌ಗೆ ಏಟು ಬಿದ್ದದ್ದು 1908ರಲ್ಲಿ. ಊರಿನ ಉತ್ತರಕ್ಕೆ ರಟೋನ್ ಕಣಿವೆ, ದಕ್ಷಿಣಕ್ಕೆ ಗ್ಲೋರಿಯೆಟಾ. ಎರಡೂ ಕಡಿದಾದ ಏರು. ಒಂದು ಗೂಡ್ಸ್ ರೈಲು ಹತ್ತಿಸಲು ಹೆಚ್ಚುವರಿ ಎಂಜಿನ್ ಕಟ್ಟಬೇಕು. ಕಂಪನಿಯವರು ಲೆಕ್ಕ ಹಾಕಿ ದಕ್ಷಿಣದ ಬಯಲಿನಲ್ಲಿ, ಬೆಲೆನ್ ಅನ್ನುವ ಊರಿನ ಮೇಲೆ, ಬೇರೆ ಹಳಿ ಹಾಸಿದರು. ಗೂಡ್ಸ್ ರೈಲುಗಳು ಆ ಕಡೆ ತಿರುಗಿದವು. ಪ್ರಯಾಣಿಕರ ರೈಲು ಮಾತ್ರ ಹಳೇ ದಾರಿಯಲ್ಲಿ ಉಳಿಯಿತು. ಇವತ್ತಿಗೂ ಹಾಗೇ ಇದೆ. ನಾವು ಗ್ಲೋರಿಯೆಟಾ ಏರುವಾಗ ರೈಲು ಎಷ್ಟು ನಿಧಾನ ಅಂದರೆ, ಕಿಟಕಿಯ ಪಕ್ಕದ ಪೈನ್ ಮರಗಳನ್ನು ಒಂದೊಂದಾಗಿ ನೋಡಬಹುದಿತ್ತು. ಗೂಡ್ಸ್‌ನವರು ಈ ದಾರಿ ಯಾಕೆ ಬಿಟ್ಟರು ಅಂತ ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ಊರಿನ ವ್ಯಾಪಾರ ಇಳಿಯಿತು. ಹೋಟೆಲು ಮಾತ್ರ ನಡೆಯಿತು, ಪ್ರಯಾಣಿಕರು ಬರುತ್ತಲೇ ಇದ್ದರಲ್ಲ. ಆದರೆ ಅದರ ಬುಡಕ್ಕೆ ಕೊಡಲಿ ಬೇರೆ ಕಡೆಯಿಂದ ಬೀಳುತ್ತಿತ್ತು. ರೈಲಿನೊಳಗೇ ಊಟದ ಬೋಗಿ ಬಂದಿತ್ತು. ಆ ಬೋಗಿಗಳಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದವರು ಯಾರು? ಹಾರ್ವಿಯ ಕಂಪನಿಯೇ! ಬಿಳಿ ಮೇಜುಬಟ್ಟೆ, ಬೆಳ್ಳಿ ಚಮಚ, ಅದೇ ಕಾಫಿ, ಹೊರಗೆ ಬೆಟ್ಟ ಓಡುತ್ತಿರುತ್ತದೆ. ಯಾರು ಇಳಿಯುತ್ತಾರೆ? ಆಮೇಲೆ ಕಾರು, ಆಮೇಲೆ ಡೀಸೆಲ್ ಎಂಜಿನ್. ಡೀಸೆಲ್ಲಿಗೆ ದಾರಿಯುದ್ದಕ್ಕೂ ನೀರು ಬೇಡ, ಕಲ್ಲಿದ್ದಲು ಬೇಡ. ರೈಲು ನಿಲ್ಲಲೇಬೇಕಾದ ಕಾರಣ ಹೋಯಿತು. ಅಡುಗೆಯವರು ಕೆಟ್ಟು ಈ ಹೋಟೆಲು ಮುಚ್ಚಲಿಲ್ಲ, ಮಾಲೀಕರು ದಿವಾಳಿಯಾಗಿಯೂ ಅಲ್ಲ. ಅದು ನಿಂತಿದ್ದೇ ಆ ಅರ್ಧ ಗಂಟೆಯ ಮೇಲೆ, ಆ ಅರ್ಧ ಗಂಟೆ ಟೈಮ್‌ಟೇಬಲ್ಲಿನಿಂದ ಹೊರಟುಹೋಯಿತು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸೈನಿಕರ ರೈಲುಗಳು ಬಂದು ಹಾರ್ವಿ ಹೋಟೆಲುಗಳಿಗೆ ಒಮ್ಮೆ ಜೀವ ಬಂತು. ಯುದ್ಧ ಮುಗಿಯಿತು, ಅದೂ ಮುಗಿಯಿತು. ಕಾಸ್ತನ್ಯೇದಾ 1948ರಲ್ಲಿ ಬಾಗಿಲು ಹಾಕಿತು.

ಆಮೇಲಿನ ಎಪ್ಪತ್ತು ವರ್ಷವನ್ನು ಬೇಗ ಹೇಳಿಬಿಡಬಹುದು. ಕೈ ಬದಲಾಯಿತು. ಕೆಲವು ಕೋಣೆಗಳು ಬಾಡಿಗೆ ಮನೆಗಳಾದವು, ಕೆಳಗೆ ಒಂದು ಬಾರ್ ಇತ್ತು. ಸೂರು ಸೋರಿತು. ಆದರೆ ಬೀಳಲಿಲ್ಲ, ಯಾರೂ ಬೀಳಿಸಲಿಲ್ಲ. ಊರಿನಲ್ಲಿ ದುಡ್ಡಿರಲಿಲ್ಲ, ಅದಕ್ಕೇ ಉಳಿಯಿತು. ಆಲ್ಬುಕರ್ಕಿಯಲ್ಲಿ ದುಡ್ಡಿತ್ತು, ಊರು ಬೆಳೆಯುತ್ತಿತ್ತು. ಆಲ್ವರಾಡೊ ಹೋಟೆಲನ್ನು 1970ರಲ್ಲಿ ಕೆಡವಿದರು. ವರ್ಷಗಟ್ಟಲೆ ಅಲ್ಲಿ ಪಾರ್ಕಿಂಗ್ ಜಾಗ. ಈಗ ಅದೇ ಸ್ಥಳದಲ್ಲಿ ಹಳೆಯ ಹೋಟೆಲಿನ ಹಾಗೇ ಕಾಣುವ ಕಮಾನು ಗೋಪುರ ಇಟ್ಟು ಬಸ್ಸು ರೈಲುಗಳ ನಿಲ್ದಾಣ ಕಟ್ಟಿದ್ದಾರೆ, ಹೆಸರೂ ಆಲ್ವರಾಡೊ. ನಾವು ರೈಲು ಹತ್ತಿದ್ದು ಅಲ್ಲೇ. ಅಕ್ಕನ ಮಗ ಎಷ್ಟೋ ಸಲ ಅಲ್ಲಿ ಓಡಾಡಿದ್ದಾನೆ, ಅದು ನಕಲು ಅಂತ ಗೊತ್ತಿರಲಿಲ್ಲ. "ಅಸಲಿ ಕೆಡವಿ ನಕಲಿ ಕಟ್ಟೋದು, ಇಲ್ಲೂ ಹಿಂಗೇನಾ?" ಅಂದ.

ಕಾಸ್ತನ್ಯೇದಾವನ್ನು 2014ರಲ್ಲಿ ಕೊಂಡವರು ಆಲನ್ ಆಫೆಲ್ಟ್ ಅನ್ನುವವರು. ಅವರಿಗೆ ಇದು ಹೊಸತಲ್ಲ. ಇದೇ ಹಳಿಯ ಮೇಲೆ ಅರಿಜೋನಾದ ವಿನ್ಸ್‌ಲೊ ಊರಿನಲ್ಲಿ ಲಾ ಪೊಸಾಡಾ ಅನ್ನುವ ಹಾರ್ವಿ ಹೋಟೆಲಿದೆ. 1930ರಲ್ಲಿ ತೆರೆದು 1957ರಲ್ಲಿ ಮುಚ್ಚಿದ್ದು. ಅದರ ನಕ್ಷೆ ಮೇರಿ ಕೋಲ್ಟರ್ ಅವರದು, ಆ ಕಾಲದಲ್ಲಿ ಆ ಕೆಲಸದಲ್ಲಿ ಹೆಂಗಸರು ಬೆರಳೆಣಿಕೆ. 1997ರಲ್ಲಿ ಅದನ್ನು ಕೊಂಡು ಆಫೆಲ್ಟ್ ಎಬ್ಬಿಸಿ ನಿಲ್ಲಿಸಿದ್ದರು. ಕಾಸ್ತನ್ಯೇದಾದಲ್ಲಿ ಹಿಂದಿನ ಕಾಲದ ಚಿಕ್ಕ ಚಿಕ್ಕ ಕೋಣೆಗಳನ್ನು ಸೇರಿಸಿ ದೊಡ್ಡದು ಮಾಡಿ, ಒಳಗೇ ಬಚ್ಚಲು ಕೊಟ್ಟು, 2019ರಲ್ಲಿ ಮತ್ತೆ ತೆರೆದರು. ಮರುವರ್ಷವೇ ಕೊರೊನಾ. 2022ರಲ್ಲಿ ಊರ ಪಕ್ಕದ ಬೆಟ್ಟಗಳಲ್ಲಿ ನ್ಯೂ ಮೆಕ್ಸಿಕೊ ಇತಿಹಾಸದಲ್ಲೇ ದೊಡ್ಡ ಕಾಡ್ಗಿಚ್ಚು. ಅರಣ್ಯ ಇಲಾಖೆಯವರೇ ಒಣ ಹುಲ್ಲು ಕಸ ಸುಡಲು ಹಚ್ಚಿದ ಬೆಂಕಿ ಕೈತಪ್ಪಿದ್ದು. ಇಷ್ಟೆಲ್ಲ ದಾಟಿಕೊಂಡು ಹೋಟೆಲು ನಿಂತಿದೆ.

ಸಂಜೆ ಹಳೇ ಚೌಕದವರೆಗೆ ನಡೆದು ಹೋದೆವು. ಹೊಳೆ ಅಂತ ಇದ್ದದ್ದು ಸಣ್ಣ ನೀರಿನ ಗೆರೆ. ಸೇತುವೆ ದಾಟಿದರೆ ರಸ್ತೆಯ ಅಳತೆಯೇ ಬದಲು. ಈ ಕಡೆ ಗೆರೆ ಹೊಡೆದಂತೆ ನೇರ ಬೀದಿಗಳು, ಆ ಕಡೆ ಗಾಡಿ ಓಡಾಡಿದ ಜಾಡಿನಲ್ಲೇ ಬಳುಕುವ ಬೀದಿಗಳು. ಚೌಕದಲ್ಲಿ 1882ರ ಪ್ಲಾಜಾ ಹೋಟೆಲಿದೆ. ಅದರ ಮುಖ ಮಾತ್ರ ನೆಟ್ಟಗೆ ಚೌಕಕ್ಕೇ, ಕಲ್ಲುಬೆಂಚಿನ ಮೇಲೆ ಕೂತು ಮಾತಾಡುವ ಊರ ಮುದುಕರಿಗೇ. ನಾನು ಅಲ್ಲಿ ಹೆಚ್ಚು ಹೊತ್ತು ಕೂತೆ. ಕಟ್ಟಡವಾಗಿ ಕಾಸ್ತನ್ಯೇದಾ ಒಂದು ಕೈ ಮೇಲು. ಊರಿನ ಜಾಗವಾಗಿ ಇದೇ ಮೇಲು.

ಮರುದಿನ ಮಧ್ಯಾಹ್ನ ರೈಲು ಬಂತು. ಒಂದಷ್ಟು ಜನ ಕಾಲು ಸಡಿಲ ಮಾಡಿಕೊಳ್ಳಲು ಇಳಿದರು. ಒಬ್ಬಾಕೆ ಹೋಟೆಲಿನ ಫೋಟೊ ಹೊಡೆದುಕೊಂಡು 'ಎಷ್ಟು ಚೆನ್ನಾಗಿದೆ' ಅಂದು ಬೋಗಿಯೊಳಗೆ ಓಡಿದರು. ಅಂಗಳಕ್ಕೆ ಐವತ್ತು ಹೆಜ್ಜೆಯೂ ಇಲ್ಲ, ಆದರೆ ಒಂದು ಕಾಫಿ ಕುಡಿದು ಬರುವಷ್ಟೂ ಹೊತ್ತು ರೈಲು ನಿಲ್ಲುವುದಿಲ್ಲ. ರೈಲಿನಲ್ಲಿ ಬಂದು ಇಲ್ಲಿ ಊಟ ಮಾಡಬೇಕೆಂದರೆ ಒಂದೇ ದಾರಿ, ನಮ್ಮ ಹಾಗೆ ಒಂದು ರಾತ್ರಿ ಉಳಿಯಬೇಕು.

ಬೋಗಿಯಲ್ಲಿ ಕೂತು ಟೈಮ್‌ಟೇಬಲ್ ನೋಡುತ್ತಿದ್ದ ಅಕ್ಕನ ಮಗ, ವಿನ್ಸ್‌ಲೊದ ಹೋಟೆಲನ್ನೂ ಒಂದು ಸಲ ನೋಡಿ ಬರಬಹುದು ಅಂದ. ಅಲ್ಲಿಗೆ ರೈಲು ಮುಟ್ಟುವುದು ರಾತ್ರಿ ಊಟದ ಹೊತ್ತಿಗೆ, ವಾಪಸಿನದು ಬೆಳಿಗ್ಗೆ ಬೇಗ.

"ಮಲಗೋದಕ್ಕೆ ಸರಿಯಾಗುತ್ತೆ, ನೋಡೋದು ಯಾವಾಗ?" ಅಂದೆ.

"ಅದಕ್ಕೇ ಚಿಕ್ಕಮ್ಮ, ಈ ಸಲ ಕಾರು."